ಹುಡುಕದೆ ಸಿಕ್ಕ ಉಪ್ಪು

ವಡೋದರದ ಫತೇಗಂಜ್‌ನ ಉಡುಪಿ ಹೋಟೆಲಿನ ಮ್ಯಾನೇಜರ್ ಪದ್ಮನಾಭರನ್ನು ನಾನು ಮೊದಲ ಸಲ ನೋಡಿದಾಗ ಅವರು ನೆಲದ ಮೇಲೆ ಬಿದ್ದಿದ್ದರು. ಒಂದು ಕೈ ಮೇಜಿನ ಕಾಲನ್ನು ಹಿಡಿದಿತ್ತು, ಇನ್ನೊಂದು ಕೈಯ ಹೆಬ್ಬೆರಳು ಬಾಯಲ್ಲಿತ್ತು. ಐವತ್ತು ದಾಟಿದ, ಬಿಳಿ ಅಂಗಿ ತೊಟ್ಟ, ಹಣೆಗೆ ಗಂಧವಿಟ್ಟ ಮನುಷ್ಯ ಹೆಬ್ಬೆರಳು ಚೀಪುತ್ತ ಬಿದ್ದಿರುವುದನ್ನು ಕಂಡು ನಾನು ಗಾಬರಿಯಿಂದ ಎದ್ದು ನಿಂತೆ. ಸುತ್ತ ದೋಸೆ ತಿನ್ನುತ್ತಿದ್ದ ಕಾಲೇಜಿನ ಹುಡುಗ ಹುಡುಗಿಯರು ತಲೆ ಕೂಡ ಎತ್ತಲಿಲ್ಲ. ಬಿದ್ದವರು ತಾವೇ ಎದ್ದರು, ಪಂಚೆ ಕೊಡವಿಕೊಂಡರು, ಅಡುಗೆಮನೆಯ ಕಿಂಡಿಯ ಹತ್ತಿರ ಹೋಗಿ ಬಹಳ ಗಂಭೀರವಾಗಿ, "ಭಟ್ರೇ, ಸಾಂಬಾರಿನ ಹುಳಿ ಸ್ಟಂಬಲ್ಡ್ ಅಪಾನ್ ಆಯ್ತು," ಎಂದರು.

ಒಳಗಿನಿಂದ ಸೌಟೊಂದು ಪಾತ್ರೆಯ ಅಂಚಿಗೆ ತಾಗಿದ ಸದ್ದು ಕೇಳಿತು. ಸ್ವಲ್ಪ ಹೊತ್ತಿಗೆ ನನ್ನ ಬಟ್ಟಲಿಗೆ ಹೊಸ ಸಾಂಬಾರು ಬಂತು, ಅದು ಚೆನ್ನಾಗಿತ್ತು.

ನಾನು ಬ್ಯಾಂಕಿನವಳು. ಮೈಸೂರಿನಿಂದ ವರ್ಗವಾಗಿ ಬಂದವಳು. ಶಾಖೆ ಶಾಖೆ ತಿರುಗಿ ಇನ್‌ಸ್ಪೆಕ್ಷನ್ ಮಾಡುವುದು ನನ್ನ ಕೆಲಸ, ಅಂದರೆ ಮೊಸರಲ್ಲಿ ಕಲ್ಲು ಹುಡುಕಿದರೆ ಸಂಬಳ ಕೊಡುತ್ತಾರೆ. ತಪ್ಪು ಕಂಡರೆ ಮುಖಕ್ಕೇ ಹೇಳುತ್ತೇನೆ. ಹಾಗಾಗಿ ನನಗೆ ಸ್ನೇಹಿತರು ಕಡಿಮೆ, ಅದರ ಬಗ್ಗೆ ದುಃಖವೂ ಕಡಿಮೆ. ಇಂಥ ನನಗೆ ಉಪ್ಪು ಹುಳಿಯ ಸುದ್ದಿ ಹೇಳಲು ನೆಲಕ್ಕೆ ಬೀಳುವ ಮನುಷ್ಯನನ್ನು ಕಂಡು ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ಕಿಂಡಿಯ ಪಕ್ಕದ ಮೇಜನ್ನು ಕಾಯಂ ಮಾಡಿಕೊಂಡು, ಇಡ್ಲಿಯ ನೆಪದಲ್ಲಿ ಒಂದೊಂದೇ ಪ್ರಶ್ನೆ ಕೇಳಿ ಇಡೀ ಕಥೆಯನ್ನು ಹೊರಡಿಸಿದೆ.

ಕಥೆಯ ಬುಡದಲ್ಲಿರುವುದು ಪಟ್ಟಾಭಿರಾಮ ಭಟ್ಟರು. ಆ ಹೋಟೆಲು ಬಾಗಿಲು ತೆರೆದಂದಿನಿಂದಲೂ ಅಡುಗೆ ಅವರದೇ. ಉಡುಪಿಯ ಕಡೆ ಒಂದು ದೇವಸ್ಥಾನದ ಪಾಕಶಾಲೆಯಲ್ಲಿ ಕೈ ಪಳಗಿಸಿಕೊಂಡವರು. ದೇವರ ನೈವೇದ್ಯಕ್ಕೆ ಮಾಡಿದ ಅಡುಗೆಯನ್ನು ಅಡುಗೆಯವನು ಮೊದಲು ರುಚಿ ನೋಡುವಂತಿಲ್ಲ, ನೋಡಿದರೆ ಅದು ಎಂಜಲು. ಅಲ್ಲಿ ಕಲಿತ ಕ್ರಮವನ್ನು ಭಟ್ಟರು ಗುಜರಾತಿಗೂ ಹೊತ್ತು ತಂದಿದ್ದರು. ಗಲ್ಲಾಪೆಟ್ಟಿಗೆಯ ಮೇಲೊಂದು ಕೃಷ್ಣನ ಪಟ. ಬೆಳಿಗ್ಗೆ ಎಲ್ಲದರಲ್ಲೂ ಒಂದೊಂದು ಚಮಚ ಅವನ ಮುಂದಿಟ್ಟು, ಗಂಟೆ ಬಾರಿಸಿದ ಮೇಲೆಯೇ ಗಿರಾಕಿಗೆ ತಟ್ಟೆ. ಹಾಗಾದರೆ ಉಪ್ಪು ಹುಳಿ ಸರಿಯಾಗಿದೆ ಎಂದು ತಿಳಿಯುವುದು ಹೇಗೆ? ಮೂಗಿನಿಂದ. ಭಟ್ಟರು ಕುದಿಯುವ ಪಾತ್ರೆಯ ಮೇಲೆ ಬಾಗಿ, ಕಣ್ಣು ಮುಚ್ಚಿ, ಹಬೆಯನ್ನು ಒಳಗೆಳೆದು, ಹ್ಞೂಂ ಎನ್ನುತ್ತಿದ್ದರು. ಆ ಹ್ಞೂಂ ಬಂತೆಂದರೆ ಅದರ ಮೇಲೆ ಅಪೀಲಿಲ್ಲ.

ನೈವೇದ್ಯವಾದ ಮೇಲಾದರೂ ಯಾರಾದರೂ ರುಚಿ ನೋಡಬಹುದಲ್ಲ? ಬಹುದಿತ್ತು. ಪದ್ಮನಾಭರಿಗಿಂತ ಮೊದಲು ಇದ್ದ ಮ್ಯಾನೇಜರ್ ಹಾಗೆಯೇ ಮಾಡಿದ. ಒಂದು ಬೆಳಿಗ್ಗೆ ಚಮಚ ಹಿಡಿದು ಅಡುಗೆಮನೆಗೆ ಹೋಗಿ, ಸಾಂಬಾರು ಸೀಪಿ, ಉಪ್ಪು ಸಾಲದು ಎಂದ. ಭಟ್ಟರು ಸೌಟು ಕೆಳಗಿಟ್ಟರು. ಗೂಟದಲ್ಲಿದ್ದ ಬೈರಾಸು ಎಂಬ ತಮ್ಮ ಟವೆಲನ್ನು ಹೆಗಲಿಗೆ ಹಾಕಿಕೊಂಡರು. ಒಲೆ ಉರಿಯುತ್ತಿದ್ದಂತೆಯೇ ಸ್ಟೇಷನ್ನಿಗೆ ನಡೆದು ಊರಿನ ರೈಲು ಹತ್ತಿದರು. ಹೋಟೆಲು ಬಾಗಿಲು ಹಾಕಿತು. ಆಗಿನ ಧಣಿ ಹಣ್ಣುಕಾಯಿ ಹಿಡಿದು ಊರಿಗೇ ಹೋಗಿ, ಕೈ ಮುಗಿದು ಕರೆತಂದದ್ದಂತೆ. ಬರುವಾಗ ಭಟ್ಟರು ಒಂದು ಕಟ್ಟಳೆ ಹಾಕಿದರು. ಹುಡುಕಿ ತೆಗೆದ ತಪ್ಪು ಹುಡುಕಿದವನ ಬುದ್ಧಿ, ಅದನ್ನು ಕೇಳಲಾರೆ. ಹುಡುಕದೆ ತಾನಾಗಿ ಎದುರಾದ ತಪ್ಪು ದೇವರು ತೋರಿಸಿದ್ದು, ಅದಕ್ಕೆ ತಲೆಬಾಗುತ್ತೇನೆ. ಚಮಚದ ಮ್ಯಾನೇಜರ್ ಕೆಲಸ ಬಿಟ್ಟ. ಆ ಜಾಗಕ್ಕೆ ಭಟ್ಟರದೇ ಊರಿನ ಪದ್ಮನಾಭ ಬಂದರು.

ಪದ್ಮನಾಭ ಅದೇ ಹೋಟೆಲಿಗೆ ಲೋಟ ತೊಳೆಯಲು ಬಂದು ಸಪ್ಲೈಯರ್ ಆಗಿ ಮೇಲೆ ಬಂದವರು. ಬಂದ ಮೊದಲ ದಿನ ಹಿತ್ತಿಲಲ್ಲಿ ಕೂತು ಅಳುತ್ತಿದ್ದಾಗ ಭಟ್ಟರು ಏನೂ ಕೇಳದೆ ಮಜ್ಜಿಗೆ ಅನ್ನ ಕಲಸಿ ಕೈಗೆ ಹಾಕಿದ್ದರು. ಅದನ್ನು ನನಗೆ ಹೇಳುವಾಗ ಪದ್ಮನಾಭ ತಮ್ಮ ಅಂಗೈಯನ್ನು ನೋಡಿಕೊಂಡರು. ಇಂಥವರು ಭಟ್ಟರಿಗೆ ಉಪ್ಪು ಕಡಿಮೆ ಎನ್ನುವುದುಂಟೆ? ಎನ್ನದಿದ್ದರೆ ಹೋಟೆಲು ನಡೆಯುವುದುಂಟೆ? ಅತ್ತ ದರಿ, ಇತ್ತ ಪುಲಿ. ಕನ್ನಡದಲ್ಲಿ ಎಷ್ಟು ಮೆತ್ತಗೆ ಶುರು ಮಾಡಿದರೂ ಭಟ್ಟರ ಕೈ ಬೈರಾಸಿನ ಕಡೆ ಹೋಗುತ್ತಿತ್ತಂತೆ. ತುಳುವಿನಲ್ಲಿ ಹೇಳಿದರೆ ಇನ್ನೂ ಬೇಗ ಹೋಗುತ್ತಿತ್ತಂತೆ.

ಪರಿಹಾರ ಮಹಡಿಯ ಮೇಲಿನಿಂದ ಬಂತು. ಹೋಟೆಲಿನ ಮೇಲೆ ಕೆನಡಾಕ್ಕೆ ಹೋಗುವವರಿಗೆ ಇಂಗ್ಲಿಷ್ ಹೇಳಿಕೊಡುವ ಒಂದು ಕ್ಲಾಸಿದೆ. ನಿಕಿತಾ ಎಂಬ ಚುರುಕಿನ ಹುಡುಗಿ ಅಲ್ಲಿ ಟೀಚರ್. ಒಂದು ಮಧ್ಯಾಹ್ನ ಅವಳ ಪಾಠ, ಎದುರುನೋಡದೆ ತಪ್ಪು ಸಿಕ್ಕಿದರೆ ಅದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳಬೇಕು ಎಂಬುದು. ಇಡೀ ಕ್ಲಾಸು ಮಗ್ಗಿ ಹೇಳಿದಂತೆ ಕೂಗುತ್ತಿತ್ತು: ಐ ಕೇಮ್ ಅಕ್ರಾಸ್ ಎ ಮಿಸ್ಟೇಕ್, ಐ ರ‍್ಯಾನ್ ಇಂಟೂ ಎ ಮಿಸ್ಟೇಕ್, ಐ ಸ್ಟಂಬಲ್ಡ್ ಅಪಾನ್ ಎ ಮಿಸ್ಟೇಕ್. ಗಲ್ಲಾದ ಮೇಲೆ ಕೂತಿದ್ದ ಪದ್ಮನಾಭರ ಕಿವಿ ನೆಟ್ಟಗಾಯಿತು. ಒಂದು ತಟ್ಟೆ ಗೋಳಿಬಜೆ ಹಿಡಿದು ಮಹಡಿ ಹತ್ತಿದರು. ನಿಕಿತಾ ಗೋಳಿಬಜೆ ತಿನ್ನುತ್ತ ವಿವರಿಸಿದಳು. ಈ ಮಾತು ಆಡಿದವನು ತಪ್ಪು ಹುಡುಕುತ್ತಿರಲಿಲ್ಲ ಎಂದು ಅರ್ಥ. ಅವನು ತನ್ನ ಪಾಡಿಗೆ ಎಲ್ಲಿಗೋ ಹೊರಟಿದ್ದ. ತಪ್ಪು ದಾರಿಯಲ್ಲಿ ಅಡ್ಡ ಬಂತು, ಇಲ್ಲವೇ ಇವನೇ ಹೋಗಿ ಅದಕ್ಕೆ ಢಿಕ್ಕಿ ಹೊಡೆದ, ಇಲ್ಲವೇ ಎಡವಿದಾಗ ಕಾಲಿಗೆ ಸಿಕ್ಕಿತು. ಅವನದೇನೂ ದೋಷವಿಲ್ಲ.

"ಇಂಗ್ಲಿಷಿನವ್ರು ಎಂಥ ಮರ್ಯಾದಸ್ಥರು ಮಾರಾಯ್ರೆ," ಎಂದು ಪದ್ಮನಾಭ ನನಗೆ ಹೇಳಿದರು. "ಅವ್ರು ತಪ್ಪು ಹುಡುಕುವುದೇ ಇಲ್ಲ. ದಾರಿಯಲ್ಲಿ ಸಿಕ್ಕಿದ್ರೆ ಮಾತಾಡಿಸಿ ಬರ್ತಾರೆ."

ಇನ್ನೊಬ್ಬರಾಗಿದ್ದರೆ ಮಾತನ್ನು ಮಾತ್ರ ಕಲಿತು ಸುಮ್ಮನಾಗುತ್ತಿದ್ದರು. ಪದ್ಮನಾಭರ ಕಷ್ಟವೆಂದರೆ ಅವರಿಗೆ ಸುಳ್ಳು ಹೇಳಿ ಗೊತ್ತಿಲ್ಲ. ಎಡವದೆ ಎಡವಿದೆ ಎನ್ನಲು ನಾಲಿಗೆ ಏಳುವುದಿಲ್ಲ. ಆದ್ದರಿಂದ ಮಾತಿಗೆ ತಕ್ಕಂತೆ ನಡೆಯಲು ಶುರು ಮಾಡಿದರು. ಸಪ್ಲೈಯರ್ ಸಾಂಬಾರಿನ ಬಕೆಟ್ ಹಿಡಿದು ಬರುವಾಗ ಎದುರಿನಿಂದ ಅಡ್ಡ ಹಾಯುವರು, ತುಳುಕಿದ್ದು ಹೆಬ್ಬೆರಳಿಗೆ ಬೀಳುವುದು, ಬಿಸಿ ತಾಗಿದ ಬೆರಳು ತಾನಾಗಿ ಬಾಯಿಗೆ ಹೋಗುವುದು. ಉಪ್ಪು ಚೂರು ಹೆಚ್ಚುಕಡಿಮೆಯಾಗಿದ್ದರೆ ಅದು ಕೇಮ್ ಅಕ್ರಾಸ್. ಒಮ್ಮೆ ಅಡ್ಡ ಹಾಯ್ದು ಸಂಶಯ ಬಂದರೆ ಮರಳಿ ಬಂದು ನೇರ ಢಿಕ್ಕಿ ಹೊಡೆಯುವರು. ಆಗಲೂ ಸರಿ ಕಾಣದಿದ್ದರೆ ರ‍್ಯಾನ್ ಇಂಟೂ. ಗಿರಾಕಿಯ ಬಾಯಿಗೆ ಇಡಲೇಬಾರದಂಥದ್ದಾದರೆ ನೆಲಕ್ಕೇ ಬಿದ್ದು ಸ್ಟಂಬಲ್ಡ್ ಅಪಾನ್. ಭಟ್ಟರಿಗೆ ಇಂಗ್ಲಿಷ್ ಬಾರದು. ಆದರೆ ಕಿಂಡಿಯಿಂದ ಎಲ್ಲವೂ ಕಾಣುತ್ತಿತ್ತು. ಈ ಮನುಷ್ಯ ಹುಡುಕುತ್ತಿಲ್ಲ, ಬೀಳುತ್ತಿದ್ದಾನೆ ಎಂದು ಅವರಿಗೆ ಖಾತ್ರಿಯಾಯಿತು. ಬೈರಾಸು ಗೂಟದಲ್ಲಿಯೇ ಉಳಿಯಿತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ವರ್ಷಗಟ್ಟಲೆ ಹೀಗೆ ನಡೆದು ಅದೇ ಆ ಹೋಟೆಲಿನ ಪದ್ಧತಿಯಾಯಿತು. ಭಟ್ಟರ ಮೂಗು ತಪ್ಪುತ್ತಿದ್ದುದೇ ಅಪರೂಪವಾದ್ದರಿಂದ ಪದ್ಮನಾಭ ಬೀಳುತ್ತಿದ್ದುದೂ ಅಪರೂಪ. ನಾನು ಬಂದ ಮೊದಲ ದಿನವೇ ಬಿದ್ದದ್ದು ನನ್ನ ಅದೃಷ್ಟ. ಗಿರಾಕಿಗಳೂ ಆ ಭಾಷೆ ಕಲಿತುಬಿಟ್ಟಿದ್ದರು. ಯಾರೂ ಚಟ್ನಿ ಹಳಸಿದೆ ಎನ್ನುತ್ತಿರಲಿಲ್ಲ, "ಪದ್ದುಭಾಯ್, ಚಟ್ನಿ ರ‍್ಯಾನ್ ಇಂಟೂ" ಎಂದು ಪಿಸುಗುಟ್ಟುತ್ತಿದ್ದರು. ನಾನೊಬ್ಬಳೇ ಒಪ್ಪಲಿಲ್ಲ. ಇದೆಲ್ಲ ಶುದ್ಧ ಹುಚ್ಚು, ಹೋಗಿ ನೇರವಾಗಿ ಹೇಳಿ ಎಂದು ಗದರಿದೆ. ಅವರು ನನ್ನನ್ನು ಮಗು ಬೆಂಕಿ ಮುಟ್ಟುವುದನ್ನು ನೋಡುವ ಹಾಗೆ ನೋಡಿದರು.

ಹಾಳಾದದ್ದು ಮಳೆಗಾಲದಲ್ಲಿ. ಭಟ್ಟರಿಗೆ ಜ್ವರ ಬಂತು, ನೆಗಡಿ ಕೆಮ್ಮು ಎಲ್ಲ ಒಟ್ಟಿಗೆ. ವಾರ ಮಲಗಿ ಎದ್ದು ಬಂದರು. ಬಂದ ದಿನ ಎಂದಿನಂತೆ ಪಾತ್ರೆಯ ಮೇಲೆ ಬಾಗಿದರು, ಕಣ್ಣು ಮುಚ್ಚಿದರು, ಹಬೆ ಎಳೆದರು. ಹ್ಞೂಂ ಬರುವುದು ತಡವಾಯಿತು. ನಾನು ಕಿಂಡಿಯಿಂದ ನೋಡುತ್ತಿದ್ದೆ. ಬಹಳ ಹೊತ್ತು ಬಾಗಿಯೇ ಇದ್ದರು, ಆಮೇಲೆ ಹ್ಞೂಂ ಎಂದರು. ಆ ದಿನದ ಸಾಂಬಾರು ಬಾಯಿಗಿಟ್ಟರೆ ಸಮುದ್ರದ ನೀರು. ಒಗ್ಗರಣೆ ಸೀದ ವಾಸನೆ ಬೀದಿಗೆ ಬರುತ್ತಿದ್ದರೂ ಭಟ್ಟರು ಮಾತ್ರ ಒಲೆಯ ಮುಂದೆ ಹಾಯಾಗಿ ನಿಂತಿದ್ದರು. ಪದ್ಮನಾಭ ಅಂದು ಬೆಳಗಿನಿಂದ ಸಂಜೆವರೆಗೆ ಬಿದ್ದರು, ಎದ್ದರು, ಬಿದ್ದರು.

ಹೋಟೆಲಿನಲ್ಲಿ ಎಲ್ಲರಿಗೂ ವಿಷಯ ತಿಳಿಯಿತು, ಭಟ್ಟರ ಮೂಗು ಹೋಗಿದೆ. ಅವರಿಗೊಬ್ಬರಿಗೆ ಅದು ತಿಳಿದಿಲ್ಲ, ಹೇಳುವವರೂ ಇಲ್ಲ. ಭಟ್ಟರಿಗೆ ಹೆಂಡತಿ ಮಕ್ಕಳಿಲ್ಲ. ಹೋಟೆಲಿನ ಹಿಂದಿನ ಕೋಣೆ, ಆ ಪಾತ್ರೆ, ಆ ಸೌಟು, ಆ ಹ್ಞೂಂ, ಇಷ್ಟೇ ಅವರ ಸಂಸಾರ. ಈ ಸಲ ಬೈರಾಸು ಹೆಗಲಿಗೆ ಏರಿದರೆ ಹಣ್ಣುಕಾಯಿ ಹಿಡಿದು ಹೋದರೂ ಬರುವವರಲ್ಲ, ಯಾಕೆಂದರೆ ಬಂದು ಮಾಡುವುದಾದರೂ ಏನು? ಪದ್ಮನಾಭರ ಎದೆಯಲ್ಲಿ ಕೂತಿದ್ದ ಭಯ ಅದೊಂದೇ. ಹೋಟೆಲಿಗೆ ಏನಾಗುತ್ತದೆ ಎನ್ನುವುದು ಅವರಿಗೆ ಆಮೇಲಿನ ಮಾತು. ಅದನ್ನು ಅರಿತ ಮೇಲೆ ನಾನು ಗದರುವುದನ್ನು ನಿಲ್ಲಿಸಿದೆ.

ಮೊದಲ ವಾರದ ಗಡಿಬಿಡಿ ಕಳೆದ ಮೇಲೆ ಒಂದು ವಿಚಿತ್ರ ನಡೆಯಿತು. ಉಪ್ಪು ಹೆಚ್ಚಾಗುವುದು ನಿಂತಿತು. ಇನ್ನು ಯಾವಾಗಲೂ ಕಡಿಮೆಯೇ. ಬೆಳಗಿನ ಮೊದಲ ಪಾತ್ರೆ ಸಪ್ಪೆ ಸಪ್ಪೆ, ಪದ್ಮನಾಭ ಒಂದು ಸಲ ಬಿದ್ದೆದ್ದು ಕಿಂಡಿಯಲ್ಲಿ ವರದಿ ಒಪ್ಪಿಸಿದ ಮೇಲೆ ಸರಿಯಾಗುತ್ತಿತ್ತು. ಮಧ್ಯಾಹ್ನದ ಪಾತ್ರೆಯೂ ಹಾಗೆಯೇ. ಅದು ಹಾಗೇಕೆ ಎಂದು ನಾವು ಯಾರೂ ಯೋಚಿಸಲಿಲ್ಲ. ಆ ತಿಂಗಳುಗಳಲ್ಲಿ ಸಪ್ಪೆ ಸಾಂಬಾರನ್ನು ದೂರಿಲ್ಲದೆ ಉಂಡವನು ಪಟದ ಕೃಷ್ಣನೊಬ್ಬನೇ.

ಪದ್ಮನಾಭರ ಹೆಬ್ಬೆರಳಿಗೆ ಬೊಬ್ಬೆ ಬಂದು ಬಟ್ಟೆ ಸುತ್ತಿಕೊಂಡರು, ಆಮೇಲೆ ತೋರುಬೆರಳನ್ನು ಕೆಲಸಕ್ಕೆ ಹಚ್ಚಿದರು. ಮೊಣಕಾಲು ಊದಿತ್ತು. ಬೀಳುವ ಮೊದಲು ಕುರ್ಚಿ ಸರಿಸಿ ಜಾಗ ಮಾಡಿಕೊಳ್ಳುವ ಅಭ್ಯಾಸ ಬಂದಿತ್ತು. ಹೀಗೆ ಹೊತ್ತಲ್ಲದ ಹೊತ್ತಿನಲ್ಲಿ ಬೀಳುವ ಮನುಷ್ಯನ ಬಗ್ಗೆ ಬೇರೆ ಊರಾದರೆ ಜನ ಅಯ್ಯೋ ಪಾಪ ಎನ್ನುತ್ತಿದ್ದರು. ಗುಜರಾತಿನಲ್ಲಿ ಪಾನನಿಷೇಧ ಇದೆ. ಇಲ್ಲಿ ಬೀಳುವವನು ಕುಡಿದವನು, ಕುಡಿದವನ ಹತ್ತಿರ ಬಾಟಲಿ ಇದೆ, ಬಾಟಲಿ ಇದ್ದರೆ ಅದು ಎಲ್ಲಿಂದಲೋ ಬಂದಿದೆ. ಬೀದಿಯಲ್ಲಿ ಮಾತು ಹಬ್ಬಿತು. ಸಂಸಾರಸ್ಥರು ಮಕ್ಕಳ ಕೈ ಹಿಡಿದು ಎದುರಿನ ಪಾವ್‌ಭಾಜಿ ಅಂಗಡಿಗೆ ದಾಟಿದರು. ಅವರ ಜಾಗಕ್ಕೆ ಒಂದು ಹೊಸ ಜಾತಿಯ ಗಿರಾಕಿಗಳು ಬರತೊಡಗಿದರು. ಅವರು ಕಾಫಿ ಕೇಳಿ, ಪದ್ಮನಾಭರ ಮುಖವನ್ನೇ ನೋಡಿ ಕಣ್ಣು ಮಿಟುಕಿಸಿ, ಬಂದ ಕಾಫಿ ನಿಜವಾಗಿಯೂ ಕಾಫಿಯೇ ಆಗಿರುವುದನ್ನು ಕಂಡು ಬೇಸರದಿಂದ ಎದ್ದು ಹೋಗುತ್ತಿದ್ದರು.

ಕೊನೆಗೊಬ್ಬ ಪೇದೆ ಬಂದ. ದಪ್ಪ ಮೀಸೆಯ, ಸಮಾಧಾನದ ಮನುಷ್ಯ. ಉಸಿರು ಬಿಡಿ ಎಂದ, ಪದ್ಮನಾಭ ಬಿಟ್ಟರು, ಇಂಗಿನ ವಾಸನೆ ಬಂತು. ನೆಲದ ಟೈಲ್ಸಿನ ಗೆರೆಯ ಮೇಲೆ ನೇರ ನಡೆದು ತೋರಿಸಿ ಎಂದ. ಪದ್ಮನಾಭ ನಡೆದರು, ಸರ್ಕಸ್ಸಿನವರಂತೆ ನೇರ ನಡೆದರು. ಇನ್ನೇನು ಗೋಡೆ ಮುಟ್ಟಬೇಕು, ಅಷ್ಟರಲ್ಲಿ ಕಿಂಡಿಯಿಂದ ಮಧ್ಯಾಹ್ನದ ಸಾಂಬಾರಿನ ಮೊದಲ ಬಕೆಟ್ ಹೊರಗೆ ಬಂತು. ಅದನ್ನು ಹಾಗೇ ಬಿಟ್ಟರೆ ಅಷ್ಟೂ ಮೇಜಿಗೆ ಸಪ್ಪೆ ಹೋಗುತ್ತದೆ. ಪದ್ಮನಾಭ ಒಮ್ಮೆ ಪೇದೆಯನ್ನು ನೋಡಿದರು, ಒಮ್ಮೆ ಬಕೆಟನ್ನು ನೋಡಿದರು. ಆಮೇಲೆ ಕುರ್ಚಿ ಸರಿಸಿ ಬಿದ್ದರು.

ನಾನು ಎದ್ದು ಹೋಗಿ ಪೇದೆಗೆ ನನ್ನ ಬ್ಯಾಂಕಿನ ಗುರುತಿನ ಚೀಟಿ ತೋರಿಸಿ, ಇವರು ಕುಡಿದಿಲ್ಲ, ಉಪ್ಪು ನೋಡುತ್ತಿದ್ದಾರೆ ಎಂದೆ. ಅವನು ನನ್ನ ಉಸಿರನ್ನೂ ಮೂಸಿ ನೋಡಿದ. ನನ್ನ ಜೀವಮಾನದಲ್ಲಿ ಅಂಥ ಅವಮಾನ ಆಗಿರಲಿಲ್ಲ, ಆದರೆ ಸಿಟ್ಟು ಮಾಡಿಕೊಳ್ಳಲು ಅದು ಸಮಯವಲ್ಲ. ಕೊನೆಗೆ ಏನೂ ತೋಚದೆ ಕೂತು ಒಂದು ಮಸಾಲೆ ದೋಸೆ ತರಿಸಿದ. ಸಾಂಬಾರಿಗೆ ಅದ್ದಿ ತಿಂದು, ಇಡೀ ಹೋಟೆಲಿಗೆ ಕೇಳುವ ಹಾಗೆ ಗುಜರಾತಿಯಲ್ಲಿ, ಇದರಲ್ಲಿ ಉಪ್ಪೇ ಇಲ್ಲವಲ್ಲ ಎಂದ.

ಹೋಟೆಲಿನಲ್ಲಿದ್ದವರೆಲ್ಲ ಕಿಂಡಿಯ ಕಡೆ ತಿರುಗಿದರು. ಭಟ್ಟರಿಗೆ ಇಂಗ್ಲಿಷ್ ಬಾರದು, ಗುಜರಾತಿ ಚೆನ್ನಾಗಿ ಬರುತ್ತದೆ. ಊದಿದ ಮೊಣಕಾಲಿನಿಂದ ಇನ್ನೂ ಏಳಲಾರದೆ ನೆಲದ ಮೇಲೇ ಕೂತಿದ್ದ ಪದ್ಮನಾಭ ಕಣ್ಣು ಮುಚ್ಚಿದರು. ಆದರೆ ಒಳಗಿನಿಂದ ಬೈರಾಸು ಕೊಡವಿದ ಸದ್ದು ಬರಲಿಲ್ಲ. ಭಟ್ಟರು ಕೈ ಚಾಚಿ, ಮುಷ್ಟಿ ತುಂಬ ಉಪ್ಪು ಎತ್ತಿ, ಪಾತ್ರೆಗೆ ಹಾಕಿ ತಿರುವಿದರು. ಪೊಲೀಸರ ಭಯ ಯಾರನ್ನು ಬಿಟ್ಟಿದೆ ಎಂದು ಪದ್ಮನಾಭ ಆಮೇಲೆ ನಿಟ್ಟುಸಿರು ಬಿಟ್ಟರು. ನಾನೂ ಹೌದೆಂದೆ.

ಪೊಲೀಸರು ಬಂದ ಸುದ್ದಿ ಸೂರತ್ತಿಗೆ ಹೋಯಿತು. ಈಗಿನ ಧಣಿ ಗಣಪತಿ, ಹಣ್ಣುಕಾಯಿ ಹಿಡಿದು ಹೋಗಿದ್ದ ಹಳೆಯ ಧಣಿಯ ಮಗ, ಸೂರತ್ತಿನಲ್ಲಿ ಇನ್ನೊಂದು ಹೋಟೆಲು ನಡೆಸುತ್ತಾನೆ. ಹುಟ್ಟಿ ಬೆಳೆದದ್ದೆಲ್ಲ ಗುಜರಾತಿನಲ್ಲಿ. ಕೆಟ್ಟವನಲ್ಲ, ಆದರೆ ಅವಸರದವನು. ಬಂದು, ಖಾಲಿ ಮೇಜುಗಳನ್ನೂ ಮ್ಯಾನೇಜರ್ ಬೆರಳಿಗೆ ಸುತ್ತಿಕೊಂಡ ಬಟ್ಟೆಗಳನ್ನೂ ನೋಡಿ, ತನ್ನ ಗುಜರಾತಿ ಬೆರೆತ ಕನ್ನಡದಲ್ಲಿ ತೀರ್ಪು ಕೊಟ್ಟ. ಬರುವ ಗುರುವಾರ ಬೆಳಿಗ್ಗೆ ತಾನೇ ಚಮಚ ಹಿಡಿದು ಅಡುಗೆಮನೆಗೆ ಹೋಗುತ್ತೇನೆ, ಎಲ್ಲ ಪಾತ್ರೆ ರುಚಿ ನೋಡುತ್ತೇನೆ, ಹೇಳಬೇಕಾದ್ದನ್ನು ಭಟ್ಟರ ಮುಂದೆಯೇ ಹೇಳುತ್ತೇನೆ. ಪದ್ಮನಾಭ ಎಷ್ಟು ಬೇಡಿಕೊಂಡರೂ ಕೇಳಲಿಲ್ಲ. "ಇದು ಹೋಟೆಲ್ ಇದೆ ಪದ್ದುಭಾಯ್, ಕುಸ್ತಿ ಅಖಾಡ ಅಲ್ಲ," ಎಂದು ಅವರ ಮೊಣಕಾಲು ತೋರಿಸಿ ಹೊರಟುಹೋದ.

ಇನ್ನು ಉಳಿದದ್ದು ಒಂದೇ ದಾರಿ. ಗುರುವಾರದೊಳಗೆ ಭಟ್ಟರಿಗೇ ತಮ್ಮ ಮೂಗು ಹೋದದ್ದು ಎದುರಾಗಬೇಕು. ಹುಡುಕದೆ, ಯಾರೂ ಹೇಳದೆ, ತಾನಾಗಿ. ಕಟ್ಟಳೆ ಅವರದೇ ಆದ್ದರಿಂದ ತಲೆಬಾಗುತ್ತಾರೆ, ನಾಲ್ಕು ಜನರ ಮುಂದೆ ಚಮಚದಿಂದ ಅವಮಾನವಾಗುವುದು ತಪ್ಪುತ್ತದೆ. ಪದ್ಮನಾಭ ಮತ್ತೆ ಗೋಳಿಬಜೆ ಹಿಡಿದು ಮಹಡಿ ಹತ್ತಿದರು. ಬೇರೆಯವರಿಗೆ ತಪ್ಪು ತಾನಾಗಿ ಸಿಗುವಂತೆ ಮಾಡುವುದಕ್ಕೆ ಇಂಗ್ಲಿಷಿನಲ್ಲಿ ಮಾತಿದೆಯೇ ಎಂದು ಕೇಳಿದರು. ನಿಕಿತಾ ಯೋಚಿಸಿ, ಅದು ಸಿಲೆಬಸ್ಸಿನಲ್ಲಿ ಇಲ್ಲ ಎಂದಳು. ನೇರವಾಗಿ ಹೇಳಿಬಿಡಬಹುದಲ್ಲ ಅಂಕಲ್ ಎಂದೂ ಸೇರಿಸಿದಳು. ಕೆನಡಾದವರು ಕೂಡ ಇಷ್ಟು ಒರಟಾಗಿರಲಾರರು ಎಂದುಕೊಂಡು ಪದ್ಮನಾಭ ಇಳಿದು ಬಂದರು.

ಮಾರನೆಯ ದಿನ ಮಧ್ಯಾಹ್ನ, ಕೆಲಸ ಮುಗಿಸಿ ಭಟ್ಟರು ಕಾಫಿಗೆ ಕೂತಾಗ ಪದ್ಮನಾಭ ತಾವೇ ಕಾಫಿ ಬೆರೆಸಿದರು. ಸಕ್ಕರೆಯ ಬದಲು ಎರಡು ಚಮಚ ಉಪ್ಪು ಹಾಕಿದರು. ಬಟ್ಟೆ ಸುತ್ತಿದ ಬೆರಳುಗಳಲ್ಲಿ ಚಮಚ ನಿಲ್ಲದೆ ಉಪ್ಪು ಅರ್ಧ ಹೊರಗೆ ಚೆಲ್ಲಿತು. ಸಪ್ಲೈಯರುಗಳೆಲ್ಲ ಬಟ್ಟೆ ಹಿಡಿದು ಒರೆಸಿದ ಮೇಜನ್ನೇ ಒರೆಸುತ್ತ ನಿಂತರು. ನಾನು ದಿನಪತ್ರಿಕೆ ತಲೆಕೆಳಗಾಗಿ ಹಿಡಿದು ಓದಿದೆ. ಭಟ್ಟರು ಲೋಟ ಎತ್ತಿದರು, ಒಂದು ಗುಟುಕು ಕುಡಿದರು, ಬೀದಿಯನ್ನು ನೋಡಿದರು, ಇನ್ನೊಂದು ಗುಟುಕು ಕುಡಿದರು. ಹಾಗೆಯೇ ನಿಧಾನವಾಗಿ, ಎಂದಿನಂತೆ, ಕೊನೆಯ ಹನಿವರೆಗೆ ಕುಡಿದು ಲೋಟ ಬೋರಲು ಹಾಕಿ, "ಕಾಫಿ ಒಳ್ಳೇದಾಗಿದೆ ಮಾರಾಯ," ಎಂದರು.

ಪದ್ಮನಾಭ ಹಿತ್ತಿಲಿಗೆ ಹೋಗಿ ಗೋಡೆಗೆ ಮುಖ ಮಾಡಿ ಅತ್ತರು. ಮಾರನೆಯ ದಿನ ಮೆಣಸಿನಪುಡಿ ಹಾಕಿದರು. ಭಟ್ಟರ ಕಣ್ಣಲ್ಲಿ ನೀರು ಬಂತು, ಮೂಗು ಸೋರಿತು, ಆದರೆ ಕುಡಿದು ಮುಗಿಸಿ ಮತ್ತದೇ ಮಾತು. ಅದರ ಮರುದಿನ ಬುಧವಾರ, ಇನ್ನೇನನ್ನೂ ಹಾಕಲು ಪದ್ಮನಾಭರಿಗೆ ಮನಸ್ಸಾಗಲಿಲ್ಲ. ಸಕ್ಕರೆಯನ್ನೇ ಹಾಕಿ ಕೊಟ್ಟರು.

ಗುರುವಾರ ಬೆಳಿಗ್ಗೆ ಬ್ಯಾಂಕಿಗೆ ತಡವಾಗಿ ಬರುತ್ತೇನೆಂದು ಹೇಳಿ ನನ್ನ ಮೇಜಿನಲ್ಲಿ ಕೂತೆ. ಗಣಪತಿ ಸೂರತ್ತಿನಿಂದ ಬಂದ. ಕೈಯಲ್ಲಿ ಹೊಸ ಸ್ಟೀಲಿನ ಚಮಚ, ಕಾಗದ ಸುತ್ತಿ ತಂದಿದ್ದ. ಒಳಗೆ ಮೊದಲ ಪಾತ್ರೆ ಕುದಿಯುತ್ತಿತ್ತು. ಪದ್ಮನಾಭ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತಿದ್ದರು. ಧಣಿಗೆ ಅಡ್ಡ ನಿಲ್ಲುವ ಧೈರ್ಯ ಅವರಲ್ಲಿಲ್ಲ, ಬಹುಶಃ ಅಲ್ಲಿಯೇ ಬೀಳುವ ಯೋಚನೆಯಲ್ಲಿದ್ದರು. ಮೊಣಕಾಲು ಆಗಲೇ ಬಾಗಿತ್ತು.

ಭಟ್ಟರು ಯಾರನ್ನೂ ನೋಡದೆ ಬಟ್ಟಲುಗಳನ್ನು ಹಿಡಿದು ಹೊರಗೆ ಬಂದರು. ಕೃಷ್ಣನ ಮುಂದಿಟ್ಟರು, ಗಂಟೆ ಬಾರಿಸಿದರು, ಒಳಗೆ ಹೋದರು. ಹೋಗುವಾಗ ಪದ್ಮನಾಭರ ತೋಳು ಹಿಡಿದು ತಮ್ಮ ಜೊತೆ ಕರೆದುಕೊಂಡು ಹೋದರು. ಗಣಪತಿ ಚಮಚ ಎತ್ತಿ ಹಿಂದೆಯೇ ಹೊರಟ.

"ನೀವು ಅಲ್ಲೇ ನಿಲ್ಲಿ ಧಣಿ," ಎಂದರು ಭಟ್ಟರು. ದನಿ ಏರಿರಲಿಲ್ಲ. ಗಣಪತಿ ನಿಂತ.

ಭಟ್ಟರು ಪಾತ್ರೆಯ ಕಡೆ ನೋಡುತ್ತ ಹೇಳಿದರು. "ಪದ್ಮನಾಭ, ನಂಗೆ ಒಂದು ತಪ್ಪು ಕೇಮ್ ಅಕ್ರಾಸ್ ಆಗಿದೆ. ಆ ಜ್ವರ ಬಿಟ್ಟ ದಿನವೇ ಆಗಿದೆ. ನನ್ನ ಮೂಗು ಹೋಗಿದೆ ಮಾರಾಯ. ನಾಲಿಗೆಯೂ ಹೋಗಿದೆ."

ಹಾಗಾದರೆ ಇಷ್ಟು ದಿನ, ಎಂದು ಪದ್ಮನಾಭ ಶುರು ಮಾಡಿದರು.

"ಇಷ್ಟು ದಿನ ನೀನು ಬೀಳ್ತಿದ್ದಿ, ನಾನು ಉಪ್ಪು ಹಾಕ್ತಿದ್ದೆ. ಮೊದಲೇ ಕಡಿಮೆ ಹಾಕಿ ಕಿಂಡಿಯಲ್ಲಿ ಕಾಯ್ತಿದ್ದೆ. ಕೇಮ್ ಅಕ್ರಾಸ್ ಅಂದ್ರೆ ಅರ್ಧ ಮುಷ್ಟಿ, ರ‍್ಯಾನ್ ಇಂಟೂ ಅಂದ್ರೆ ಒಂದು. ಬಿದ್ರೆ ಎರಡು. ನಿನ್ನ ಮೊಣಕಾಲಿನಿಂದ ಅಡುಗೆ ಮಾಡ್ತಿದ್ದೆ ನಾನು."

ಕಾಫಿಯ ವಿಷಯವನ್ನೂ ಅವರೇ ತೆಗೆದರು. ಲೋಟದ ಹೊರಗೆ ಉಪ್ಪು ಚೆಲ್ಲಿದ್ದನ್ನು ಅವರು ಕಂಡಿದ್ದರಂತೆ. ಕುಡಿಯದೆ ಇಟ್ಟಿದ್ದರೆ ನೀನು ಏನಾದರೂ ಹೇಳಲೇಬೇಕಾಗಿತ್ತು, ನಿನಗೆ ಹೇಳಲು ಆಗುತ್ತಿರಲಿಲ್ಲ, ಅದಕ್ಕೇ ಕುಡಿದೆ ಎಂದರು. ಮೆಣಸಿನಪುಡಿ ಮಾತ್ರ ಸ್ವಲ್ಪ ಹೆಚ್ಚಾಯಿತು ಎಂದು ಸೇರಿಸಿದರು. ಇಬ್ಬರು ಮುದುಕರು ತಿಂಗಳುಗಟ್ಟಲೆ, ಒಬ್ಬರಿಗೆ ನೋವಾಗಬಾರದೆಂದು ಇನ್ನೊಬ್ಬರು, ಒಬ್ಬರು ಬಿದ್ದು ಇನ್ನೊಬ್ಬರು ಉಪ್ಪುನೀರು ಕುಡಿದು ಈ ಹೋಟೆಲು ನಡೆಸಿದ್ದರು. ನನಗೆ ನಗು ತಡೆಯಲಾಗಲಿಲ್ಲ, ನಗುತ್ತಲೇ ಕಣ್ಣು ಒರೆಸಿಕೊಂಡೆ.

ಭಟ್ಟರು ಸೌಟು ತುಂಬಿಕೊಂಡರು. "ಕೈ ಹಿಡಿ," ಎಂದರು. ಪದ್ಮನಾಭ ಬಟ್ಟೆ ಸುತ್ತಿದ್ದ ಬೆರಳುಗಳ ಅಂಗೈಯನ್ನು ಚಾಚಿದರು. ಸೌಟು ಎಂಜಲಾಗದ ಹಾಗೆ ಭಟ್ಟರು ಮೇಲಿನಿಂದ ನಾಲ್ಕು ಹನಿ ಬಿಟ್ಟರು. ಅದು ಆರಲೆಂದು ತಾವೇ ಊದಿದರು.

"ಇನ್ನು ಬೀಳ್ಬೇಡ," ಎಂದರು. "ಹುಡುಕು. ಎಂತ ಕಡಿಮೆ ಉಂಟು, ಹೇಳು."

ಪದ್ಮನಾಭ ಅಂಗೈಯನ್ನು ಬಾಯಿಗೆ ಇಟ್ಟುಕೊಂಡರು. ಅವರು ಹೇಳಬೇಕಾಗಿದ್ದ ಮಾತಿಗೇ ಹಿಂದೊಮ್ಮೆ ಒಲೆ ಉರಿಯುತ್ತಿದ್ದಂತೆ ಹೋಟೆಲು ಮುಚ್ಚಿತ್ತು. ಅವರ ಕಣ್ಣು ತಾನಾಗಿ ಗೂಟದ ಬೈರಾಸಿನ ಕಡೆ ಹೋಯಿತು. ಗಣಪತಿ ಚಮಚವನ್ನು ಮೆಲ್ಲಗೆ ಜೇಬಿಗೆ ಇಳಿಸಿದ. ಮಹಡಿಯಲ್ಲಿ ನಿಕಿತಾಳ ಕ್ಲಾಸು ಯಾವುದೋ ಹೊಸ ಪಾಠ ಕೂಗುತ್ತಿತ್ತು.

"ಉಪ್ಪು ಕಡಿಮೆ ಆಯ್ತು ಭಟ್ರೇ," ಎಂದರು ಪದ್ಮನಾಭ.

ಭಟ್ಟರು ಉಪ್ಪಿನ ಮರಿಗೆಗೆ ಕೈ ಹಾಕಿದರು. ಅರ್ಧ ಮುಷ್ಟಿ ಎತ್ತಿ ಪದ್ಮನಾಭರ ಮುಖದ ಮುಂದೆ ತೆರೆದು ಹಿಡಿದು, "ಇಷ್ಟು ಸಾಕಾ?" ಎಂದು ಕೇಳಿದರು.

"ಇನ್ನೂ ಸ್ವಲ್ಪ," ಎಂದರು ಪದ್ಮನಾಭ.